ಹೊಸ ಪದವಿಗೆ ಕಟ್‌ಆಫ್ ಬರುವುದು ಎಲ್ಲಿಂದ? ಮುಂಬಯಿಯ ಸೀಟು ಲೆಕ್ಕ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಕೆಲವು ವಾರಗಳಲ್ಲಿ ಮುಂಬಯಿಯ ಪದವಿ ಕಾಲೇಜುಗಳು ಮೊದಲ ಮೆರಿಟ್ ಲಿಸ್ಟ್ ಪ್ರಕಟಿಸುತ್ತವೆ. ಹಿಂದಿನ ವರ್ಷ ಇರದಿದ್ದ ಕೋರ್ಸುಗಳ ಹೆಸರುಗಳು ಈಚೆಗೆ ಈ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿವೆ. ಡೇಟಾ ಸೈನ್ಸ್, ಕೃತಕ ಬುದ್ಧಿಮತ್ತೆ, ಸೈಬರ್ ಸೆಕ್ಯುರಿಟಿ, ಹೆಸರು ಬದಲಿಸಿಕೊಂಡು ಬಂದ ಮ್ಯಾನೇಜ್‌ಮೆಂಟ್ ಪದವಿಗಳು ಅವುಗಳಲ್ಲಿ ಕೆಲವು. ಒಂದು ತಂಡವೂ ಓದಿ ಹೊರಬಂದಿರದ, ಒಂದು ಪ್ರಶ್ನೆಪತ್ರಿಕೆಯೂ ಇನ್ನೂ ಅಚ್ಚಾಗಿರದ ಕೋರ್ಸಿನ ಎದುರು ಮೊದಲ ದಿನವೇ ಶೇ. 88 ಎಂದೋ ಶೇ. 92.33 ಎಂದೋ ಒಂದು ಅಂಕ ನಿಂತಿರುತ್ತದೆ. ಅಂಕ ಅಷ್ಟು ಮೇಲಿದ್ದರೆ ಕೋರ್ಸು ಒಳ್ಳೆಯದೇ ಇರಬೇಕು ಎಂದು ಪಾಲಕರು ತಿಳಿಯುತ್ತಾರೆ. ಅಂಕ ಕೆಳಗಿದ್ದರೆ ಕೋರ್ಸಿನಲ್ಲಿ ಏನೋ ಕೊರತೆಯಿದೆ ಎಂದು ಅನುಮಾನಿಸುತ್ತಾರೆ. ಈ ಎರಡು ತೀರ್ಮಾನಗಳಿಗೂ ಆಧಾರವಿಲ್ಲ ಎಂಬುದನ್ನು ತೋರಿಸುವುದಕ್ಕಾಗಿ, ಆ ಅಂಕ ಹುಟ್ಟುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗಿದೆ.

ಮೊದಲಿಗೆ, ವಿಶ್ವವಿದ್ಯಾಲಯ ನಿಗದಿ ಮಾಡುವ ಅಂಕವೇ ಬೇರೆ, ಮೆರಿಟ್ ಲಿಸ್ಟಿನಲ್ಲಿ ಕಾಣುವ ಅಂಕವೇ ಬೇರೆ. ಹೊಸ ಕೋರ್ಸೊಂದು ಬರುವಾಗ ಅದರ ಪಠ್ಯಕ್ರಮವನ್ನು ಅಧ್ಯಯನ ಮಂಡಳಿ ಸಿದ್ಧಪಡಿಸುತ್ತದೆ, ವಿದ್ಯಾವಿಷಯಕ ಪರಿಷತ್ತು ಅದನ್ನು ಒಪ್ಪುತ್ತದೆ. ಯಾವ ಕಾಲೇಜಿನಲ್ಲಿ ಅದನ್ನು ತೆರೆಯಬಹುದು ಎಂಬ ಅನುಮತಿ 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯ 109ನೆಯ ಕಲಮಿನ ಪ್ರಕಾರ ಸರ್ಕಾರದ ಮೂಲಕ ಬರುತ್ತದೆ. ಸ್ವಾಯತ್ತ ಕಾಲೇಜುಗಳು ಮಾತ್ರ ತಮ್ಮದೇ ವಿದ್ಯಾವಿಷಯಕ ಪರಿಷತ್ತಿನ ಒಪ್ಪಿಗೆಯಿಂದ ಹೊಸ ಕೋರ್ಸು ಆರಂಭಿಸಬಹುದು. ಈ ಹಂತದಲ್ಲಿ ಬರೆದಿಡುವುದು ಅರ್ಹತೆಯನ್ನು ಮಾತ್ರ. ಉದಾಹರಣೆಗೆ, ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಐಟಿಗೆ ಸೇರಲು ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಬೇಕು, ಸಾಮಾನ್ಯ ವರ್ಗದವರಿಗೆ ಒಟ್ಟಾರೆ ಶೇ. 45 ಅಂಕ ಬಂದಿರಬೇಕು. ಇಷ್ಟೇ ವಿಶ್ವವಿದ್ಯಾಲಯದ ಷರತ್ತು. ಹೆಸರಾಂತ ಕಾಲೇಜೊಂದರಲ್ಲಿ ಅದೇ ಕೋರ್ಸಿನ ಮೊದಲ ಪಟ್ಟಿ ಇದರ ಎರಡು ಪಟ್ಟು ಅಂಕಕ್ಕೆ ಮುಗಿದುಹೋದರೆ, ಆ ಎರಡನೆಯ ಅಂಕವನ್ನು ಯಾವ ಮಂಡಳಿಯೂ ಕೂತು ಚರ್ಚಿಸಿಲ್ಲ, ಯಾವ ಪರಿಷತ್ತೂ ಅಂಗೀಕರಿಸಿಲ್ಲ. ಪಟ್ಟಿಯಲ್ಲಿ ಕೊನೆಯ ಸೀಟು ಪಡೆದ ವಿದ್ಯಾರ್ಥಿಯ ಅಂಕವನ್ನೇ ನಾವು ಕಟ್‌ಆಫ್ ಎಂದು ಓದುತ್ತಿದ್ದೇವೆ.

ಎಲ್ಲ ಕಡೆಯೂ ಹೀಗಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ 2021ರವರೆಗೆ ಇದಕ್ಕೆ ತೀರಾ ವಿರುದ್ಧವಾದ ಕ್ರಮವಿತ್ತು. ಅಲ್ಲಿ ಕಾಲೇಜು ಮೊದಲೇ ಒಂದು ಅಂಕವನ್ನು ಘೋಷಿಸುತ್ತಿತ್ತು. ಆ ಅಂಕ ಮುಟ್ಟಿದ ಪ್ರತಿಯೊಬ್ಬರಿಗೂ ಸೀಟುಗಳ ಸಂಖ್ಯೆ ಎಷ್ಟೇ ಇರಲಿ ಪ್ರವೇಶ ಕೊಡಲೇಬೇಕಿತ್ತು. ಅಂದಾಜು ತಪ್ಪಿದರೆ ತರಗತಿ ತುಂಬಿ ತುಳುಕುತ್ತದೆ ಎಂಬ ಅಂಜಿಕೆಯಿಂದ ಕಾಲೇಜುಗಳು ಮೊದಲ ಪಟ್ಟಿಯನ್ನು ಬಹಳ ಮೇಲೆ ಇಡುತ್ತಿದ್ದವು. ಶ್ರೀರಾಮ್ ಕಾಲೇಜ್ ಆಫ್ ಕಾಮರ್ಸ್ 2011ರಲ್ಲಿ ವಾಣಿಜ್ಯ ಓದಿರದ ವಿದ್ಯಾರ್ಥಿಗಳಿಗೆ ಬಿ.ಕಾಂ. ಆನರ್ಸ್ ಕಟ್‌ಆಫನ್ನು ನೂರಕ್ಕೆ ನೂರು ಎಂದು ಸಾರಿದಾಗ ದೇಶವಿಡೀ ಬೆರಗಾಗಿತ್ತು. 2021ರಲ್ಲಿ ಹಲವು ಕಾಲೇಜುಗಳು ನೂರನ್ನು ಮುಟ್ಟಿದವು. ಆಗಲೂ ಹಿಂದೂ ಕಾಲೇಜಿನ ರಾಜ್ಯಶಾಸ್ತ್ರ ಆನರ್ಸ್‌ನಂಥ ಕೋರ್ಸಿಗೆ ಸಾಮಾನ್ಯ ವರ್ಗದಲ್ಲಿದ್ದ ಸೀಟುಗಳ ಹಲವು ಪಟ್ಟು ವಿದ್ಯಾರ್ಥಿಗಳು ಪೂರ್ಣ ಅಂಕ ಹಿಡಿದು ಬಂದರು. ಮರುವರ್ಷ, 2022ರಲ್ಲಿ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಬಂದುದಕ್ಕೆ ಈ ಗೊಂದಲವೂ ಒಂದು ಕಾರಣ. ದೆಹಲಿಯಲ್ಲಿ ಕಟ್‌ಆಫ್ ಎನ್ನುವುದು ಮುಂಚಿತವಾಗಿ ಮಾಡಿದ ಊಹೆಯಾಗಿತ್ತು. ಮುಂಬಯಿ, ಪುಣೆಯ ಕಾಲೇಜುಗಳಲ್ಲಿ ಅದು ಸೀಟು ಹಂಚಿಯಾದ ಮೇಲೆ ಉಳಿಯುವ ಶೇಷ. ದೆಹಲಿಯ ಸುದ್ದಿಯನ್ನು ಓದಿ ಮುಂಬಯಿಯ ಪಟ್ಟಿಯನ್ನು ಅರ್ಥ ಮಾಡಿಕೊಳ್ಳಲು ಹೊರಟವರಿಗೆ ದಾರಿ ತಪ್ಪುವುದು ಇಲ್ಲಿಯೇ.

ಆ ಶೇಷ ಹೇಗೆ ಉಳಿಯುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಕಾಲೇಜಿನ ಲೆಕ್ಕದಲ್ಲಿ ನೋಡೋಣ. ಅನುದಾನರಹಿತ ಮ್ಯಾನೇಜ್‌ಮೆಂಟ್ ಕೋರ್ಸು, ಒಂದೇ ಡಿವಿಷನ್, 60 ಸೀಟುಗಳು. ಕಾಲೇಜಿಗೆ ಅಲ್ಪಸಂಖ್ಯಾತ ಮಾನ್ಯತೆ ಇದೆ, ಅಂದರೆ ಅದು ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತ ಸಮುದಾಯವೊಂದರ ಸಂಸ್ಥೆ ಎಂದುಕೊಳ್ಳಿ. ಅರ್ಧ, ಅಂದರೆ 30 ಸೀಟು, ಆ ಸಮುದಾಯಕ್ಕೆ ಹೋಯಿತು. ಮ್ಯಾನೇಜ್‌ಮೆಂಟ್ ಕೋಟಾ ಶೇ. 15 ಎಂದು ಹಿಡಿದರೆ ಇನ್ನು 9 ಸೀಟು ಹೋಯಿತು. ಉಳಿದದ್ದು 21. ಇಂಥ ಕೋರ್ಸುಗಳಲ್ಲಿ ಕಲಾ, ವಾಣಿಜ್ಯ, ವಿಜ್ಞಾನ ಎಂದು ಸ್ಟ್ರೀಮ್‌ವಾರು ಪಾಲು ಮಾಡುವ ರೂಢಿ ಮುಂಬಯಿಯಲ್ಲಿದೆ. ವಾಣಿಜ್ಯಕ್ಕೆ ಶೇ. 45, ಕಲೆ ಮತ್ತು ವಿಜ್ಞಾನಕ್ಕೆ ತಲಾ ಶೇ. 25, ಡಿಪ್ಲೊಮಾದವರಿಗೆ ಶೇ. 5 ಎಂದು ಹಂಚಿದರೆ ವಾಣಿಜ್ಯಕ್ಕೆ ಸಿಗುವುದು ಹೆಚ್ಚೆಂದರೆ 10 ಸೀಟು, ಕಲೆಗೆ 5, ವಿಜ್ಞಾನಕ್ಕೆ 5, ಡಿಪ್ಲೊಮಾಕ್ಕೆ 1. ಈಗ ಆ ಕಾಲೇಜಿನ ಪಟ್ಟಿಯಲ್ಲಿ ವಾಣಿಜ್ಯ ವಿಭಾಗದ ಸಾಮಾನ್ಯ ವರ್ಗಕ್ಕೆ ಶೇ. 93 ಎಂದು ಬಂದರೆ, ಆ 93 ಅರುವತ್ತು ಜನರ ತರಗತಿಯ ಮಟ್ಟವನ್ನು ಹೇಳುತ್ತಿಲ್ಲ. ಹತ್ತು ಜನರ ಸಾಲಿನಲ್ಲಿ ಹತ್ತನೆಯವರು ಯಾರು ಎಂಬುದನ್ನಷ್ಟೇ ಹೇಳುತ್ತಿದೆ. ಅದೇ ತರಗತಿಯಲ್ಲಿ ಬೇರೆ ಬಾಗಿಲಿನಿಂದ ಬಂದ ವಿದ್ಯಾರ್ಥಿ ಶೇ. 65 ಪಡೆದಿರಬಹುದು, ಚೆನ್ನಾಗಿಯೂ ಓದಬಹುದು. ಪಟ್ಟಿಯಲ್ಲಿ ದೊಡ್ಡದಾಗಿ ಕಾಣುವುದು ಮಾತ್ರ 93.

ಅಲ್ಪಸಂಖ್ಯಾತ ಮಾನ್ಯತೆ ಇಲ್ಲದ ಕಾಲೇಜಿನಲ್ಲಿ ಕಳೆಯುವ ಲೆಕ್ಕ ಬೇರೆ ರೀತಿಯದು. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲೆಮಾರಿ ಸಮುದಾಯಗಳು, ವಿಶೇಷ ಹಿಂದುಳಿದ ವರ್ಗ, ಇತರ ಹಿಂದುಳಿದ ವರ್ಗಗಳಿಗೆ ಸೇರಿ ಶೇ. 52, ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಶೇ. 10, 2024ರ ಕಾಯ್ದೆಯಿಂದ ಮರಾಠಾ ಸಮುದಾಯಕ್ಕೆ ಶೇ. 10 ಮೀಸಲಾತಿ ಇದೆ. ಇದು ಸಾಮಾಜಿಕ ನ್ಯಾಯದ ವ್ಯವಸ್ಥೆ, ಅದರ ಬಗ್ಗೆ ತಕರಾರಿಲ್ಲ. ಕಾಲೇಜುಗಳು ಪ್ರತಿ ವರ್ಗದ ಕೊನೆಯ ಅಂಕವನ್ನೂ, ಆ ವರ್ಗಕ್ಕಿದ್ದ ಸೀಟುಗಳನ್ನೂ ಒಟ್ಟಿಗೆ ತೋರಿಸದೆ, ಸಾಮಾನ್ಯ ವರ್ಗದ ಒಂದು ಅಂಕವನ್ನೇ ಕೋರ್ಸಿನ ಕಟ್‌ಆಫ್ ಎಂದು ಮುಂದಿಡುವುದಕ್ಕೆ ನನ್ನ ತಕರಾರು. ಇದರ ಮೇಲೆ ಇನ್‌ಹೌಸ್ ಆದ್ಯತೆ ಬೇರೆ ಇದೆ. ಅದೇ ಸಂಸ್ಥೆಯ ಜೂನಿಯರ್ ಕಾಲೇಜಿನಲ್ಲಿ ಹನ್ನೊಂದು, ಹನ್ನೆರಡು ಓದಿದವರಿಗೆ ಮೊದಲ ಹಕ್ಕು ಸಿಗುವ ಬಿ.ಕಾಂ., ಬಿ.ಎ.ಯಂಥ ಕೋರ್ಸುಗಳಲ್ಲಿ ಹೊರಗಿನವರಿಗೆ ಉಳಿಯುವ ಬಾಗಿಲು ಇನ್ನೂ ಕಿರಿದು. ಹತ್ತನೆಯ ತರಗತಿ ಮುಗಿದಾಗ ಜೂನಿಯರ್ ಕಾಲೇಜು ಆರಿಸುವಾಗಲೇ ಪದವಿಯ ಸೀಟಿನ ಅರ್ಧ ಭಾಗ ತೀರ್ಮಾನವಾಗಿರುತ್ತದೆ ಎಂಬುದು ತಿಳಿವಳಿಕೆಯುಳ್ಳ ಪಾಲಕರಿಗೆ ಗೊತ್ತು. ಕನ್ನಡ ಮಾಧ್ಯಮದ ಮಹಾನಗರಪಾಲಿಕೆ ಶಾಲೆಯಿಂದ ಮಗಳನ್ನು ಮುಂದಕ್ಕೆ ಕಳಿಸುವ ಮನೆಯವರಿಗೆ ಅದನ್ನು ಹೇಳುವವರು ಕಡಿಮೆ.

ಪಟ್ಟಿಯ ಅಂಕಗಳನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಮಹಾರಾಷ್ಟ್ರ ಮಂಡಳಿಯ ಹನ್ನೆರಡನೆಯ ತರಗತಿಗೆ ಒಟ್ಟು 600 ಅಂಕ. ಹಾಗಾಗಿ ಒಂದು ಅಂಕ ಎಂದರೆ ಶೇ. 0.17. 549 ಬಂದವರಿಗೆ ಶೇ. 91.50, 550 ಬಂದವರಿಗೆ 91.67, 551 ಬಂದವರಿಗೆ 91.83, 552 ಬಂದವರಿಗೆ 92. ಮುಂಬಯಿಯ ಕಟ್‌ಆಫ್‌ಗಳಲ್ಲಿ .17, .33, .50, .67, .83 ಎಂಬ ಬಾಲಗಳು ಮತ್ತೆ ಮತ್ತೆ ಕಾಣುವುದು ಇದೇ ಕಾರಣಕ್ಕೆ. ಎರಡು ಕಾಲೇಜುಗಳ ನಡುವೆ 91.50 ಮತ್ತು 91.83ರ ಅಂತರ ಇದೆ ಎಂದರೆ ಎರಡು ಅಂಕಗಳ ಅಂತರವಿದೆ ಎಂದಷ್ಟೇ ಅರ್ಥ. ಒಂದು ಉತ್ತರಪತ್ರಿಕೆಯ ಮರುಎಣಿಕೆಯಲ್ಲಿ ಅಳಿಸಿಹೋಗಬಹುದಾದ ಅಂತರ ಅದು. ದಶಮಾಂಶದ ಎರಡು ಸ್ಥಾನಗಳು ಕೊಡುವ ನಿಖರತೆಯ ಭ್ರಮೆ ಬಹಳ ಮನೆಗಳಲ್ಲಿ ಅನಗತ್ಯ ದುಃಖಕ್ಕೆ ಕಾರಣವಾಗಿದೆ. ಬೇರೆ ಬೇರೆ ಮಂಡಳಿಗಳ ಶೇಕಡಾವಾರನ್ನು ಯಾವ ಹೊಂದಾಣಿಕೆಯೂ ಇಲ್ಲದೆ ಒಂದೇ ಸಾಲಿನಲ್ಲಿ ನಿಲ್ಲಿಸುವುದರಿಂದ ಆ ನಿಖರತೆ ಇನ್ನಷ್ಟು ಶಂಕಾಸ್ಪದವಾಗುತ್ತದೆ.

ಮಂಡಳಿಯ ಮೌಲ್ಯಮಾಪನ ಬದಲಾದರೆ ಕಟ್‌ಆಫ್ ಬದಲಾಗುತ್ತದೆ ಎಂಬುದಕ್ಕೆ 2021ನೆಯ ವರ್ಷ ಸಾಕ್ಷಿ. ಕೋವಿಡ್‌ನಿಂದಾಗಿ ಪರೀಕ್ಷೆ ರದ್ದಾಗಿ, ಹಿಂದಿನ ತರಗತಿಗಳ ಅಂಕ ಮತ್ತು ಆಂತರಿಕ ಮೌಲ್ಯಮಾಪನದ ಮೇಲೆ ಫಲಿತಾಂಶ ಕೊಟ್ಟಾಗ ಮಹಾರಾಷ್ಟ್ರದಲ್ಲಿ ಶೇ. 99.63 ವಿದ್ಯಾರ್ಥಿಗಳು ಉತ್ತೀರ್ಣರಾದರು. ಪರೀಕ್ಷೆ ಮರಳಿದ ಮೇಲೆ 2023ರಲ್ಲಿ ಅದು ಶೇ. 91.25ಕ್ಕೆ ಇಳಿಯಿತು, 2025ರಲ್ಲಿ ಶೇ. 91.88 ಇತ್ತು. ಕಾಲೇಜೂ ಅದೇ, ಪಠ್ಯವೂ ಅದೇ, ಅಧ್ಯಾಪಕರೂ ಅವರೇ ಇದ್ದಾಗ ಏರಿಳಿದ ಅಂಕವನ್ನು ಕೋರ್ಸಿನ ಗುಣದ ಅಳತೆ ಎನ್ನಲು ಬರುವುದಿಲ್ಲ.

ಇಷ್ಟೆಲ್ಲ ಹಳೆಯ ಕೋರ್ಸುಗಳಿಗೂ ಅನ್ವಯಿಸುತ್ತದೆ. ಹೊಸ ಕೋರ್ಸಿನ ತೊಡಕು ಇದರ ಮೇಲಿನದು. ಹಳೆಯ ಕೋರ್ಸಿಗೆ ಅರ್ಜಿ ಹಾಕುವವರು ಹೋದ ವರ್ಷ ಒಂದರ ನಂತರ ಒಂದು ಬಂದ ಮೂರೂ ಪಟ್ಟಿಗಳನ್ನು ನೋಡಿ ತಮ್ಮ ಅಂಕಕ್ಕೆ ಹೊಂದುವ ಕಾಲೇಜುಗಳನ್ನು ಆರಿಸಿಕೊಳ್ಳುತ್ತಾರೆ. ಹೀಗೆ ಹೋದ ವರ್ಷದ ಅಂಕವೇ ಈ ವರ್ಷದ ಅರ್ಜಿದಾರರನ್ನು ಸೋಸುತ್ತದೆ. ಸೋಸಿದ ಅರ್ಜಿಗಳಿಂದ ಮತ್ತೆ ಹೆಚ್ಚುಕಡಿಮೆ ಅದೇ ಅಂಕ ಹೊರಬರುತ್ತದೆ. ಹೊಸ ಕೋರ್ಸಿಗೆ ಇಂಥ ನೆನಪಿಲ್ಲ. ಆದ್ದರಿಂದ ವಿದ್ಯಾರ್ಥಿಗಳು ಪಕ್ಕದ ಕೋರ್ಸಿನ ಅಂಕವನ್ನು ಎರವಲು ತರುತ್ತಾರೆ. ಡೇಟಾ ಸೈನ್ಸಿಗೆ ಅದೇ ಕಾಲೇಜಿನ ಐಟಿಯ ಕಟ್‌ಆಫ್ ಅಳತೆಗೋಲಾಗುತ್ತದೆ, ಹೊಸ ಹಣಕಾಸು ಪದವಿಗೆ ಅಕೌಂಟಿಂಗ್ ಅಂಡ್ ಫೈನಾನ್ಸ್ ಅಳತೆಗೋಲಾಗುತ್ತದೆ. ಐಟಿ ಸಿಗದಿದ್ದರೆ ಇರಲಿ ಎಂದು ಡೇಟಾ ಸೈನ್ಸಿಗೆ ಅರ್ಜಿ ಹಾಕುವವರು ಬಹಳ. ಮೊದಲ ಪಟ್ಟಿಯಲ್ಲಿ ಅವರ ಹೆಸರೂ ಇರುತ್ತದೆ, ಅವರ ಮೇಲ್ಮಟ್ಟದ ಅಂಕವೂ ಇರುತ್ತದೆ. ಐಟಿಯ ಪಟ್ಟಿಯಲ್ಲಿಯೂ ಹೆಸರು ಬಂದ ಕೂಡಲೇ ಅವರು ಅಲ್ಲಿಗೆ ಹೋಗಿ ಶುಲ್ಕ ತುಂಬುತ್ತಾರೆ. ಹೊಸ ಕೋರ್ಸಿನ ಮೊದಲ ಕಟ್‌ಆಫ್ ಹೀಗೆ ಆ ಕೋರ್ಸಿಗೆ ಸೇರದೇ ಹೋದವರ ಅಂಕವಾಗಿರುತ್ತದೆ.

ಮುಂಬಯಿಯಲ್ಲಿ ಪದವಿ ಪ್ರವೇಶ ಕೇಂದ್ರೀಕೃತವಾಗಿಲ್ಲದಿರುವುದು ಇದಕ್ಕೆ ಇಂಬು ಕೊಡುತ್ತದೆ. ವಿಶ್ವವಿದ್ಯಾಲಯದ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿದ ಮೇಲೆ ವಿದ್ಯಾರ್ಥಿ ಪ್ರತಿ ಕಾಲೇಜಿಗೂ ಬೇರೆ ಬೇರೆಯಾಗಿ ಅರ್ಜಿ ಸಲ್ಲಿಸಬೇಕು. ಶೇ. 94 ಬಂದ ಒಬ್ಬ ಹುಡುಗಿ ಮಾಟುಂಗಾದ ಪೋದಾರ್, ಮುಲುಂಡ್‌ನ ವಝೆ, ಚರ್ಚ್‌ಗೇಟ್‌ನ ಜೈಹಿಂದ್, ವಿಲೇಪಾರ್ಲೆಯ ಎನ್‌.ಎಂ. ಎಂದು ಅರ್ಜಿ ಹಾಕುತ್ತಾ ಹೋದರೆ ನಾಲ್ಕೂ ಪಟ್ಟಿಗಳಲ್ಲಿ ಒಂದೊಂದು ಸೀಟನ್ನು ಕೆಲವು ದಿನಗಳ ಮಟ್ಟಿಗೆ ಹಿಡಿದಿಟ್ಟಂತಾಗುತ್ತದೆ, ಸೇರುವುದು ಒಂದಕ್ಕೇ. ಹೀಗಾಗಿ ಮೊದಲ ಪಟ್ಟಿಯಿಂದ ಮೂರನೆಯ ಪಟ್ಟಿಗೆ ಎಷ್ಟು ಅಂಕ ಇಳಿಯಿತು ಎಂಬುದು ಮೊದಲ ಅಂಕಕ್ಕಿಂತ ಹೆಚ್ಚು ಉಪಯುಕ್ತವಾದ ಮಾಹಿತಿ. ಬಂದವರು ಬಂದಲ್ಲೇ ನಿಲ್ಲುವ ಕೋರ್ಸಿನಲ್ಲಿ ಇಳಿತ ಅಲ್ಪ. ಇತರರ ಕಾಯುವ ಕೊಠಡಿಯಾಗಿರುವ ಕೋರ್ಸಿನಲ್ಲಿ ಅದು ಹತ್ತು, ಹದಿನೈದು ಶೇಕಡಾ ಆಗಬಹುದು. ಮೊದಲ ಪಟ್ಟಿಯ ಅಂಕ ನೋಡಿಯೇ ಧೈರ್ಯಗೆಟ್ಟು, ಮನೆಯ ಹತ್ತಿರದ ಕಾಲೇಜಿಗೆ ಪೂರ್ತಿ ಶುಲ್ಕ ತುಂಬಿ ಕುಳಿತವರು, ಮೂರನೆಯ ಪಟ್ಟಿಯಲ್ಲಿ ತಮಗೆ ಸಿಗಬಹುದಾಗಿದ್ದ ಸೀಟನ್ನು ಕಾಣುವುದು ಪ್ರತಿ ವರ್ಷದ ಸಂಗತಿ. ಎರಡು ತಿಂಗಳ ಸಂಬಳವನ್ನು ಶುಲ್ಕಕ್ಕೆ ಕೂಡಿಟ್ಟ ಕ್ಯಾಂಟೀನ್ ಕೆಲಸಗಾರನಿಗೆ ಕಾದುನೋಡುವ ಧೈರ್ಯ ಎಲ್ಲಿಂದ ಬಂದೀತು? ಒಂದು ಕಡೆ ತುಂಬಿದ ಶುಲ್ಕ ಬಿಡಿಸಿಕೊಂಡು ಇನ್ನೊಂದು ಕಡೆ ತುಂಬುವ ಅನುಕೂಲ ಇದ್ದವರಿಗೆ ಮಾತ್ರ ಈ ವ್ಯವಸ್ಥೆಯ ಎರಡನೆಯ, ಮೂರನೆಯ ಪಟ್ಟಿಗಳು ನಿಜವಾದ ಅರ್ಥದಲ್ಲಿ ತೆರೆದಿರುತ್ತವೆ. ಕಟ್‌ಆಫ್ ಕುರಿತ ಅಜ್ಞಾನದ ಬೆಲೆಯನ್ನು ತೆರುವವರು ಯಾರು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ, ನಾನು ಈ ವಿಷಯವನ್ನು ಇಷ್ಟು ಎಳೆಯುತ್ತಿರುವುದೂ ಅದಕ್ಕೇ.

ಹೆಸರು ಬದಲಾದ ಮಾತ್ರಕ್ಕೆ ಕೋರ್ಸೊಂದರ ಪ್ರವೇಶದ ಲೆಕ್ಕ ಹೇಗೆ ತಲೆಕೆಳಗಾಗುತ್ತದೆ ಎಂಬುದನ್ನು 2024ರ ಬಿಎಂಎಸ್ (ಮ್ಯಾನೇಜ್‌ಮೆಂಟ್ ಸ್ಟಡೀಸ್ ಪದವಿ) ಪ್ರಕರಣ ತೋರಿಸಿಕೊಟ್ಟಿತು. ಬಿಬಿಎ, ಬಿಸಿಎ, ಬಿಎಂಎಸ್ ಕೋರ್ಸುಗಳನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2024–25ರಿಂದ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಅದರ ಬೆನ್ನಿಗೇ ಮಹಾರಾಷ್ಟ್ರ ಸರ್ಕಾರ ಇವಕ್ಕೆ ರಾಜ್ಯಮಟ್ಟದ ಸಿಇಟಿ ಕಡ್ಡಾಯ ಮಾಡಿತು. ಅಲ್ಲಿಯವರೆಗೆ ಹನ್ನೆರಡನೆಯ ತರಗತಿಯ ಅಂಕದ ಮೇಲೆ ಮೆರಿಟ್ ಲಿಸ್ಟಿನಿಂದ ಸೇರುತ್ತಿದ್ದ ಕೋರ್ಸುಗಳಿವು. ರಾಜ್ಯದಲ್ಲಿ ಸೀಟುಗಳು ಒಂದು ಲಕ್ಷಕ್ಕೂ ಹೆಚ್ಚಿದ್ದವು. ಮೇ ಕೊನೆಯಲ್ಲಿ ನಡೆದ ಪರೀಕ್ಷೆ ಬರೆದವರು ಅದರ ಅರ್ಧದಷ್ಟೂ ಇರಲಿಲ್ಲ. ಪರೀಕ್ಷೆ ಇದೆ ಎಂದೇ ಬಹಳ ಮಂದಿಗೆ ಸಕಾಲದಲ್ಲಿ ತಿಳಿದಿರಲಿಲ್ಲ. ಸೀಟು ತುಂಬದೆ ಆಗಸ್ಟಿನಲ್ಲಿ ಮತ್ತೊಂದು ಸಿಇಟಿ ನಡೆಸಬೇಕಾಯಿತು. ಈ ನಡುವೆ ಮುಂಬಯಿಯ ಹಲವು ಕಾಲೇಜುಗಳು ಬಿಎಂಎಸ್ ಬದಲಿಗೆ ಬಿ.ಕಾಂ. ಮ್ಯಾನೇಜ್‌ಮೆಂಟ್ ಸ್ಟಡೀಸ್ ಎಂಬ ಹೆಸರಿನ ಪದವಿಗೆ ಹೊರಳಿದವು. ಅದು ಬಿ.ಕಾಂ. ಆದ್ದರಿಂದ ಪರಿಷತ್ತಿನ ವ್ಯಾಪ್ತಿಗೆ ಬರಲಿಲ್ಲ, ಸಿಇಟಿ ಬೇಕಾಗಲಿಲ್ಲ, ಹಳೆಯ ಮೆರಿಟ್ ಲಿಸ್ಟೇ ನಡೆಯಿತು.

ಆ ವರ್ಷ ಒಂದೇ ನಗರದಲ್ಲಿ, ಮ್ಯಾನೇಜ್‌ಮೆಂಟ್ ಕಲಿಸುವ ಹೆಚ್ಚುಕಡಿಮೆ ಒಂದೇ ಬಗೆಯ ಎರಡು ಪದವಿಗಳಿಗೆ ಎರಡು ಅಳತೆಗಳು ಇದ್ದವು: ಒಂದಕ್ಕೆ ಸಿಇಟಿಯ ಪರ್ಸೆಂಟೈಲ್, ಇನ್ನೊಂದಕ್ಕೆ ಹನ್ನೆರಡನೆಯ ತರಗತಿಯ ಪರ್ಸೆಂಟೇಜ್. ಪರ್ಸೆಂಟೈಲ್ 90 ಎಂದರೆ ನೂರಕ್ಕೆ ತೊಂಬತ್ತು ಅಂಕ ಬಂತು ಎಂದಲ್ಲ. ಪರೀಕ್ಷೆ ಬರೆದ ನೂರರಲ್ಲಿ ತೊಂಬತ್ತು ಮಂದಿಗಿಂತ ಮುಂದಿದ್ದೀರಿ ಎಂದು. ಬರೆದವರಿಗಿಂತ ಸೀಟುಗಳೇ ಹೆಚ್ಚಿರುವಾಗ ಒಟ್ಟಾರೆ ನೋಡಿದರೆ ಕೊನೆಯ ಅಭ್ಯರ್ಥಿಗೂ ಎಲ್ಲೋ ಒಂದು ಸೀಟು ಇದ್ದೇ ಇರುತ್ತದೆ, ಬೇಡಿಕೆ ಕಡಿಮೆ ಇರುವ ಕಾಲೇಜಿನ ಕಟ್‌ಆಫ್ ಪಾತಾಳಕ್ಕಿಳಿಯುತ್ತದೆ. ಇತ್ತ ಸಿಇಟಿ ಬರೆಯದವರೆಲ್ಲ ಬಿ.ಕಾಂ. ಕಡೆ ಬಂದಾಗ ಅಲ್ಲಿ ನೂಕುನುಗ್ಗಲು. ಇಲ್ಲಿಯ ಎತ್ತರದ ಅಂಕವನ್ನೂ ಅಲ್ಲಿಯ ತಗ್ಗಿದ ಪರ್ಸೆಂಟೈಲನ್ನೂ ಪಕ್ಕಪಕ್ಕದಲ್ಲಿಟ್ಟು ಯಾವುದು ಮೇಲು ಎಂದು ಕೇಳಿದವರಿಗೆ ಸರಿಯಾದ ಉತ್ತರವೇ ಇಲ್ಲ. ನಿಯಂತ್ರಣ ಸಂಸ್ಥೆ ಯಾವುದು ಎಂಬ ತಾಂತ್ರಿಕ ಪ್ರಶ್ನೆ ಎರಡೂ ಅಂಕಗಳನ್ನು ನಿರ್ಧರಿಸಿತ್ತು. ತರಗತಿಯಲ್ಲಿ ಏನು ಕಲಿಸುತ್ತಾರೆ ಎಂಬುದಕ್ಕೆ ಅದರಲ್ಲಿ ಪಾತ್ರವಿರಲಿಲ್ಲ.

ಹಾಗಾದರೆ ಹೊಸ ಕೋರ್ಸಿನ ಪ್ರವೇಶಕ್ಕೆ ಸರಿಯಾದ ಆಧಾರ ಯಾವುದಾಗಬೇಕು? ಆ ಕೋರ್ಸನ್ನು ಓದಿ ಮುಗಿಸಲು ಏನು ಬಲ್ಲವರಾಗಿರಬೇಕು ಎಂಬುದೇ ಆಧಾರವಾಗಬೇಕು. ಡೇಟಾ ಸೈನ್ಸನ್ನೇ ತೆಗೆದುಕೊಳ್ಳಿ. ಅದರ ಅಡಿಪಾಯ ಸಂಖ್ಯಾಶಾಸ್ತ್ರ, ಸಂಭಾವ್ಯತೆ, ರೇಖೀಯ ಬೀಜಗಣಿತ. ಹನ್ನೆರಡನೆಯ ತರಗತಿಯ ಗಣಿತದಲ್ಲಿ 95 ಬಂದು, ಭಾಷೆಗಳಲ್ಲಿ ಹಿಂದೆ ಬಿದ್ದು ಒಟ್ಟು ಶೇ. 78 ಪಡೆದ ಹುಡುಗನಿಗಿಂತ, ಗಣಿತದಲ್ಲಿ 55 ಬಂದು ಒಟ್ಟು ಶೇ. 86 ಪಡೆದವನು ಒಟ್ಟು ಅಂಕದ ಮೆರಿಟ್ ಲಿಸ್ಟಿನಲ್ಲಿ ಮುಂದೆ ಇರುತ್ತಾನೆ. ಎರಡನೆಯ ಸೆಮಿಸ್ಟರಿನಲ್ಲಿ ತೊಂದರೆಗೆ ಸಿಲುಕುವವನು ಯಾರು ಎಂದು ಅಧ್ಯಾಪಕರನ್ನು ಕೇಳಿದರೆ ಅನುಮಾನವಿಲ್ಲದೆ ಹೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಜೂನಿಯರ್ ಕಾಲೇಜಿನಲ್ಲಿ ಮೊದಲ ಬಾರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಿದ ಮಕ್ಕಳಿಗೆ ಈ ಒಟ್ಟು ಅಂಕದ ಪದ್ಧತಿ ವಿಶೇಷವಾಗಿ ಭಾರವಾಗುತ್ತದೆ. ಅವರ ಗಣಿತ ಗಟ್ಟಿಯಾಗಿದ್ದರೂ ಇಂಗ್ಲಿಷಿನ ಅಂಕ ಒಟ್ಟನ್ನು ಕೆಳಗೆಳೆಯುತ್ತದೆ. ಸಂಬಂಧಪಟ್ಟ ವಿಷಯಕ್ಕೆ ಹೆಚ್ಚು ತೂಕ ಕೊಡುವುದು ಅಸಾಧ್ಯವಾದ ಕೆಲಸವಲ್ಲ. ಹೊಸ ಕೋರ್ಸಿನ ನಿಯಮ ಬರೆಯುವಾಗಲೇ ಅದನ್ನು ಸೇರಿಸಬಹುದು, ಹಳೆಯ ಕೋರ್ಸಿನ ನಿಯಮ ತಿದ್ದುವುದಕ್ಕಿಂತ ಅದು ಸುಲಭ.

ಇದರ ಜೊತೆಗೆ ಇನ್ನೊಂದು ಮಾತು. ಮಹಾರಾಷ್ಟ್ರದ ವಾಣಿಜ್ಯ ವಿಭಾಗದಲ್ಲಿ ಹನ್ನೊಂದನೆಯ ತರಗತಿಗೆ ಸೇರುವಾಗ ಗಣಿತ ಅಥವಾ ಸೆಕ್ರೆಟೇರಿಯಲ್ ಪ್ರ್ಯಾಕ್ಟೀಸ್ (ಎಸ್‌.ಪಿ., ಕಚೇರಿ ವ್ಯವಹಾರದ ವಿಷಯ) ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿರುತ್ತದೆ. ಎಸ್‌.ಪಿ. ಸುಲಭ, ಅಂಕ ಚೆನ್ನಾಗಿ ಬರುತ್ತದೆ, ಒಟ್ಟು ಏರುತ್ತದೆ, ಬಿ.ಕಾಂ. ಕಟ್‌ಆಫ್ ದಾಟಬಹುದು ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ಕಟ್‌ಆಫ್ ಒಂದನ್ನೇ ನೋಡಿ ಕೊಟ್ಟ ಸಲಹೆ ಅದು. ಹದಿನಾರರ ಹರೆಯದಲ್ಲಿ ಗಣಿತ ಬಿಟ್ಟ ವಿದ್ಯಾರ್ಥಿ ಎರಡು ವರ್ಷಗಳ ನಂತರ ಶೇ. 90 ತಂದರೂ ಐಟಿ, ಕಂಪ್ಯೂಟರ್ ಸೈನ್ಸಿನಂಥ ಕೋರ್ಸುಗಳಿಗೆ ಅರ್ಹನೇ ಆಗುವುದಿಲ್ಲ. ಅಂಕ ಸಾಲದೆ ತಪ್ಪಿದ ಸೀಟಿಗೆ ಮುಂದಿನ ಪಟ್ಟಿಯ ಆಸೆಯಾದರೂ ಉಂಟು. ಅರ್ಹತೆಯಿಲ್ಲದೆ ತಪ್ಪಿದ ಸೀಟಿಗೆ ಅದೂ ಇಲ್ಲ. ಹತ್ತನೆಯ ತರಗತಿಯ ಫಲಿತಾಂಶದ ದಿನಗಳಲ್ಲಿ ನಮ್ಮ ಸಂಘಸಂಸ್ಥೆಗಳು ಸನ್ಮಾನ ಸಮಾರಂಭದ ಜೊತೆಗೆ ಈ ಒಂದು ವಿಷಯವನ್ನು ಪಾಲಕರಿಗೆ ತಿಳಿಸಿ ಹೇಳಿದರೆ ದೊಡ್ಡ ಉಪಕಾರವಾದೀತು.

ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಇಲ್ಲಿಗೆ ಬರುವವರದು ಚಿಕ್ಕ ಪ್ರಶ್ನೆ, ಚಿಕ್ಕದಾಗಿಯೇ ಹೇಳುತ್ತೇನೆ. ದ್ವಿತೀಯ ಪಿಯುಸಿಗೂ ಒಟ್ಟು 600 ಅಂಕಗಳೇ ಇರುವುದರಿಂದ ಶೇಕಡಾವಾರು ಲೆಕ್ಕದಲ್ಲಿ ತೊಂದರೆಯಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಅರ್ಹತಾ ಪ್ರಮಾಣಪತ್ರ ಬೇಕಾಗುತ್ತದೆ. ಕರ್ನಾಟಕದಲ್ಲಿ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಇರುವುದರಿಂದ ನಂತರದ ಪರೀಕ್ಷೆಯಲ್ಲಿ ಅಂಕ ಹೆಚ್ಚಿಸಿಕೊಂಡು ಬರುವವರು ಇಲ್ಲಿಯ ಪಟ್ಟಿಗಳ ದಿನಾಂಕವನ್ನು ಮೊದಲೇ ನೋಡಿಕೊಳ್ಳಬೇಕು. ಪೋರ್ಟಲಿನ ನೋಂದಣಿ ಅವಧಿ ಯಾರಿಗಾಗಿಯೂ ಕಾಯುವುದಿಲ್ಲ.

ಅಲ್ಪಸಂಖ್ಯಾತ ಕೋಟಾದ ವಿಷಯ ಮಾತ್ರ ಮುಂಬಯಿ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ್ದು. ಭಾಷಾ ಅಲ್ಪಸಂಖ್ಯಾತರು ಯಾರು ಎಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿತು. ಆ ತೀರ್ಪು ಬಂದದ್ದು ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ. ಕರ್ನಾಟಕದಲ್ಲಿ ಬಹುಸಂಖ್ಯಾತರಾದ ಕನ್ನಡಿಗರು ಮಹಾರಾಷ್ಟ್ರದಲ್ಲಿ ಭಾಷಾ ಅಲ್ಪಸಂಖ್ಯಾತರು. ಇಲ್ಲಿ ಕನ್ನಡಿಗರು, ತುಳುವರು ಕಟ್ಟಿದ ಸಂಸ್ಥೆಗಳು ವಡಾಲ, ಮುಲುಂಡ್, ಕುರ್ಲಾ, ಪೊವಾಯಿ ಮುಂತಾದೆಡೆ ಕಾಲೇಜು ನಡೆಸುತ್ತಿವೆ. ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಇರುವ ಕಾಲೇಜಿನಲ್ಲಿ ಆ ಭಾಷೆಯವರ ಸೀಟುಗಳಿಗೆ ಪ್ರತ್ಯೇಕ ಪಟ್ಟಿ, ಪ್ರತ್ಯೇಕ ಕಟ್‌ಆಫ್ ಇರುತ್ತದೆ. ಹೊಸ ಕೋರ್ಸಿಗೆ ಆ ಪಟ್ಟಿಯಲ್ಲಿ ಅರ್ಜಿಗಳು ಕಡಿಮೆ ಬಂದರೆ ಅರ್ಹತಾ ಅಂಕ ದಾಟಿದವರಿಗೆಲ್ಲ ಸೀಟು ಸಿಗುವ ಸಾಧ್ಯತೆಯಿದೆ. ಸೀಟು ಉಳಿದರೆ ಅವು ಸಾಮಾನ್ಯ ವರ್ಗಕ್ಕೆ ಹೋಗುತ್ತವೆ, ಅಲ್ಲಿಯ ಕಟ್‌ಆಫ್ ಇಳಿಯುತ್ತದೆ.

ಇಲ್ಲಿ ಅಡ್ಡಬರುವುದು ಹೆಚ್ಚಾಗಿ ಒಂದು ಕಾಗದ. ಮಹಾರಾಷ್ಟ್ರದ ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿ ಮಾತೃಭಾಷೆ ಎಂಬ ಕಾಲಂ ಇದೆ. ಭಾಷಾ ಅಲ್ಪಸಂಖ್ಯಾತ ಸೀಟಿಗೆ ಕಾಲೇಜಿನ ಕಚೇರಿಯಲ್ಲಿ ಮೊದಲು ಬೆರಳಿಡುವುದು ಅಲ್ಲಿ. ಮೂವತ್ತು, ನಲವತ್ತು ವರ್ಷಗಳಿಂದ ಇಲ್ಲಿರುವ ಕುಟುಂಬಗಳಲ್ಲಿ ಮಗುವನ್ನು ಒಂದನೆಯ ತರಗತಿಗೆ ಸೇರಿಸುವಾಗ ಯಾರೋ ಅವಸರದಲ್ಲಿ ಮರಾಠಿ ಎಂದೋ ಹಿಂದಿ ಎಂದೋ ಬರೆಸಿರುತ್ತಾರೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರು ಅದನ್ನೇ ಸರಿಯಾಗಿ ಬರೆಸಿದ್ದರೆ, ಕನ್ನಡ ಅಲ್ಪಸಂಖ್ಯಾತ ಎಂದು ಮಾನ್ಯತೆ ಪಡೆದ ಕಾಲೇಜಿನಲ್ಲಿ ಅದು ಸಾಲುವುದೋ ಇಲ್ಲವೋ ಎಂಬ ಪ್ರಶ್ನೆ ಏಳುತ್ತದೆ. ಪ್ರವೇಶದ ವಾರದಲ್ಲಿ ಇದನ್ನು ಬಗೆಹರಿಸಲು ಆಗುವುದಿಲ್ಲ. ಮಗು ಶಾಲೆಯಲ್ಲಿರುವಾಗಲೇ, ಹತ್ತನೆಯ ತರಗತಿಯ ಅರ್ಜಿ ತುಂಬುವ ಮೊದಲೇ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಏನಿದೆ ಎಂದು ನೋಡಿಕೊಂಡು ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಕೊಡುವುದು ಕ್ಷೇಮ.

ಮುಂಬಯಿ ವಿಶ್ವವಿದ್ಯಾಲಯ ತನಗೆ ಸೇರಿದ ಕಾಲೇಜುಗಳಿಂದ ಒಂದು ವಿಷಯವನ್ನು ಕಟ್ಟುನಿಟ್ಟಾಗಿ ಕೇಳಬೇಕು ಎಂದು ನನಗೆ ಅನಿಸುತ್ತದೆ. ಪ್ರತಿ ಕೋರ್ಸಿಗೆ, ಮುಖ್ಯವಾಗಿ ಹೊಸದಾಗಿ ಆರಂಭವಾದ ಕೋರ್ಸುಗಳಿಗೆ, ಒಟ್ಟು ಸೀಟು, ಎಲ್ಲ ಕೋಟಾ ಕಳೆದ ಮೇಲೆ ಪ್ರತಿ ವರ್ಗದಲ್ಲಿ ಹಾಗೂ ಪ್ರತಿ ಸ್ಟ್ರೀಮ್‌ನಲ್ಲಿ ಉಳಿದ ಸೀಟು, ಬಂದ ಅರ್ಜಿ, ಮೂರೂ ಪಟ್ಟಿಗಳ ಕೊನೆಯ ಅಂಕ, ಕೊನೆಗೆ ಖಾಲಿ ಉಳಿದ ಸೀಟು ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ಪ್ರಕಟಿಸಬೇಕು. ಎಂಜಿನಿಯರಿಂಗ್ ಪ್ರವೇಶದಲ್ಲಿ ರಾಜ್ಯದ ಪ್ರವೇಶ ಪರೀಕ್ಷೆಗಳನ್ನು ನಡೆಸುವ ಸಿಇಟಿ ಸೆಲ್ ಕಾಲೇಜುವಾರು, ವರ್ಗವಾರು, ಸುತ್ತುವಾರು ಕೊನೆಯ ಪರ್ಸೆಂಟೈಲ್ ಪ್ರಕಟಿಸುತ್ತದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಸೇರುವವರಿಗೆ ಅಷ್ಟಾದರೂ ಸಿಗಬೇಡವೇ? ಈ ಮಾಹಿತಿ ಈಗಲೂ ಪ್ರತಿ ಕಾಲೇಜಿನ ಕಚೇರಿಯಲ್ಲಿದೆ. ಮೂರನೆಯ ಪಟ್ಟಿ ಮುಗಿದ ಮೇಲೆ ಅದನ್ನು ಸೂಚನಾ ಫಲಕದಿಂದ ತೆಗೆದುಬಿಡುತ್ತಾರೆ. ವಿಶ್ವವಿದ್ಯಾಲಯ ಇಂಥ ಹಾಳೆಯನ್ನು ಕೇಳುವವರೆಗೆ ಪಾಲಕರು ಪ್ರವೇಶ ಕೌಂಟರಿನಲ್ಲಿ ಕಟ್‌ಆಫ್ ಎಷ್ಟು ಎಂದು ಕೇಳುವ ಬದಲು, ನನ್ನ ಮಗಳ ವರ್ಗಕ್ಕೆ, ಅವಳ ಸ್ಟ್ರೀಮ್‌ಗೆ ಎಷ್ಟು ಸೀಟಿವೆ, ಕಳೆದ ವರ್ಷ ಮೂರನೆಯ ಪಟ್ಟಿ ಎಲ್ಲಿ ನಿಂತಿತು, ಈ ಕೋರ್ಸಿಗೆ ಇದು ಎಷ್ಟನೆಯ ವರ್ಷ ಎಂದು ಕೇಳಬಹುದು. ಮೊದಲನೆಯ ವರ್ಷ ಎಂದು ಉತ್ತರ ಬಂದರೆ, ಪಟ್ಟಿಯ ಅಂಕವನ್ನು ಬದಿಗಿಟ್ಟು, ಯಾರು ಕಲಿಸುತ್ತಾರೆ, ಪ್ರಯೋಗಾಲಯ ಸಿದ್ಧವಾಗಿದೆಯೇ ಎಂದು ವಿಚಾರಿಸಬೇಕು.